ನೆವಾರ್ಕಿನ ಪೇಟಿ ಮಾಸ್ತರ

ನನ್ನ ಗಂಡ ಕ್ಲಬ್ಬಿನಲ್ಲಿ ಪಿಯಾನೋ ಬಾರಿಸಿ, ಕುಡಿದು, ಹಾಳಾಗಿ ಹೋದ ಅಂತ ನೆವಾರ್ಕಿನ ಹತ್ತಿರದ ಮೆಟುಚೆನ್ ಊರಿನ ಕೆಲವು ಕನ್ನಡದವರು ಇವತ್ತಿಗೂ ಮಾತಾಡಿಕೊಳ್ಳುತ್ತಾರಂತೆ. ಅವರ ಬಾಯಿಗಿಷ್ಟು ಮಣ್ಣು ಹಾಕ. ನಾಗಲಿಂಗಪ್ಪ ಒಂದು ತೊಟ್ಟು ಕುಡಿದವರಲ್ಲ. ಬ್ಯಾಂಡಿನವರೆಲ್ಲ ರಮ್ ಹಿಡಿದು ಕೂತಿರುವಾಗ ಈ ಮಹಾನುಭಾವರು ಥರ್ಮಾಸಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು, ನನಗೇ ನಾಚಿಕೆಯಾಗುತ್ತಿತ್ತು. ಕೆಟ್ಟದ್ದು ಅವರ ನಡತೆಯಲ್ಲ, ಕಿವಿ. ಅದನ್ನು ಕೇಳುವ ತಾಳ್ಮೆ ಯಾರಿಗೂ ಇಲ್ಲ, ಕುಡುಕನ ಕಥೆಯಾದರೆ ಎಲ್ಲರಿಗೂ ರುಚಿ.

ನಾನು ತ್ರಿಪುರಸುಂದರಿ, ಮೈಸೂರಿನವಳು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಬಯೋಕೆಮಿಸ್ಟ್ರಿ ಓದಲು ಅಮೆರಿಕಕ್ಕೆ ಬಂದು, ಆಮೇಲೆ ನೆವಾರ್ಕಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಅವರು ಧಾರವಾಡದವರು, ಎಂಜಿನಿಯರ್. ಪಕ್ಕದ ಹ್ಯಾರಿಸನ್‌ನಲ್ಲಿ ಒಂದು ಲೋಹದ ಕಾರ್ಖಾನೆಯ ಪ್ರೆಸ್ ಶಾಪ್ ನೋಡಿಕೊಳ್ಳುತ್ತಿದ್ದರು. ಈಗ ಇಂಡಿಯಾದ ಅಂಗಡಿಗಳೇ ತುಂಬಿರುವ ಐಸೆಲಿನ್‌ಗೆ ಆಗ ಹೋದರೆ ಒಂದು ಕಟ್ಟು ಕರಿಬೇವೂ ಸಿಗುತ್ತಿರಲಿಲ್ಲ, ಕನ್ನಡ ಮಾತಾಡುವವರು ಸಿಕ್ಕರೆ ಹಬ್ಬ. ನಾವು ಸಿಕ್ಕಿದೆವು, ಕೋರ್ಟ್‌ಹೌಸಿನಲ್ಲಿ ಮದುವೆಯಾದೆವು. ಜಾತಿ ಬೇರೆ ಎಂದು ಎರಡೂ ಮನೆಯವರು ಮುಖ ತಿರುಗಿಸಿದರು. ತಿರುಗಿಸಿಕೊಳ್ಳಲಿ ಎಂದು ನಾವೂ ಸುಮ್ಮನಾದೆವು.

ಅವರ ತಂದೆ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರು. ಹಾರ್ಮೋನಿಯಮ್ಮಿಗೆ ಆ ಸೀಮೆಯಲ್ಲಿ ಪೇಟಿ ಅನ್ನುತ್ತಾರೆ. ಮಗನಿಗೂ ಕಲಿಸಿದ್ದರು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇವರಿದ್ದದ್ದು ನೆವಾರ್ಕಿನಲ್ಲಿ ಪೋರ್ಟೊರಿಕೋದವರ ಒಂದು ಸಂಘದ ಹಾಲಿನ ಮೇಲುಮನೆಯಲ್ಲಿ. ಕೆಳಗೆ ಭಾನುವಾರ ಮಧ್ಯಾಹ್ನ ಡ್ಯಾನ್ಸು. ಬ್ಯಾಂಡಿನ ಯಜಮಾನ ಟೋನಿ, ಕಂಚಿನ ಕಂಠದ ದೈತ್ಯ, ನಿಂತುಕೊಂಡು ಡ್ರಮ್ ಬಾರಿಸುವವನು. ಅವನ ಪಿಯಾನೋದವನನ್ನು ವಿಯೆಟ್ನಾಮಿನ ಯುದ್ಧಕ್ಕೆ ಎಳೆದೊಯ್ದಿದ್ದರು. ಖಾಲಿ ಹಾಲಿನಲ್ಲಿ ಈ ಇಂಡಿಯಾದವನು ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಪಿಯಾನೋಗೆ ಕೈಮುಗಿದು, ಬಲಗೈಯಲ್ಲಿ ನಾಟಕದ ಪದ ನುಡಿಸುತ್ತಿರುವುದು ಟೋನಿಯ ಕಣ್ಣಿಗೆ ಬಿತ್ತು.

‘ಆ ಕೈ ನನಗೆ ಬೇಕು,’ ಅಂದನಂತೆ ಟೋನಿ. ಅವನ ಇಂಗ್ಲಿಷನ್ನು ನಾನು ನನ್ನ ಕನ್ನಡದಲ್ಲೇ ಹೇಳುತ್ತೇನೆ, ಅವನ ಇಂಗ್ಲಿಷು ನನ್ನದಕ್ಕಿಂತ ಕಡೆ.

ಕೈ ಬಂತು, ಆದರೆ ಅದರ ಜೊತೆ ಧಾರವಾಡವೂ ಬಂತು. ನಮ್ಮ ಸಂಗೀತದಲ್ಲಿ ಎಲ್ಲಿಗೆ ಹೋದರೂ ಕೊನೆಗೆ ತಾಳದ ಮೊದಲ ಪೆಟ್ಟಿಗೆ, ಸಮಕ್ಕೆ, ಬಂದು ಕೂರಬೇಕು. ಕೂತಾಗ ಕೇಳುವವರ ತಲೆ ತಾನಾಗಿ ಆಡುತ್ತದೆ. ಟೋನಿಯ ಸಂಗೀತದಲ್ಲಿ ಅದೇ ಮಹಾಪರಾಧ. ಅಲ್ಲಿ ಎರಡು ಕೋಲುಗಳಿಂದ ಐದು ಪೆಟ್ಟಿನ ಒಂದು ಲೆಕ್ಕ ಸದಾ ನಡೆಯುತ್ತಿರುತ್ತದೆ, ಕ್ಲಾವೆ ಅನ್ನುತ್ತಾರೆ. ಪಿಯಾನೋ ಅದನ್ನು ಹಿಡಿದುಕೊಂಡು ಮೊದಲ ಪೆಟ್ಟಿಗೆ ಕೊಂಚ ಮುಂಚೆಯೇ ಬಂದು, ಅದರ ಮೇಲೆ ಕೂರದೆ ದಾಟಿ ಹೋಗಬೇಕು. ಇವರು ಹೋಗಿ ಹೋಗಿ ಸಮಕ್ಕೇ ಬೀಳುವರು. ಬಿದ್ದಾಗಲೆಲ್ಲ ಕುಣಿಯುವವರ ಕಾಲು ತೊಡರುವುದು, ಟೋನಿ ಕೋಲೆಸೆದು, ‘ನಾಗಾ! ಅಲ್ಲಿ ಯಾರೂ ಕೂರಬಾರದು ಅಂತ ಎಷ್ಟು ಸಲ ಹೇಳಲಿ?’ ಎಂದು ಕೂಗುವುದು.

ಹಟ ಅಂದರೆ ಆ ಮನುಷ್ಯನದು. ಕಾರ್ಖಾನೆಗೆ ನಡೆದು ಹೋಗುವಾಗ ಊಟದ ಡಬ್ಬಿಯ ಮೇಲೆ ಆ ಐದು ಪೆಟ್ಟು, ಸ್ನಾನದ ಮನೆಯಲ್ಲಿ ಚೊಂಬಿನ ಮೇಲೆ ಅದೇ, ಮದುವೆಯಾದ ಮೇಲೆ ನನ್ನ ಬೆನ್ನ ಮೇಲೂ ಅದೇ. ‘ರೀ, ನಾನೇನು ಡೋಲೇ?’ ಅಂತ ರೇಗಿದರೆ, ‘ಸುಮ್ನಿರು ಮಾರಾಯ್ತಿ, ಈಗ ಸಿಗಾಕ ಹತ್ತೈತಿ,’ ಅನ್ನುತ್ತಿದ್ದರು. ಕೊನೆಗೂ ಸಿಕ್ಕಿತು. ಅರವತ್ತೊಂಬತ್ತರಿಂದ ಎಪ್ಪತ್ತೆರಡರವರೆಗೆ ಅವರು ನುಡಿಸಿದ್ದನ್ನು ಕೇಳದವರಿಗೆ ನಾನು ಏನು ಹೇಳಲಿ? ಮುದುಕಿಯರೂ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಬ್ರಾಂಕ್ಸ್‌ನಿಂದ ಜನ ಬಸ್ಸು ಹಿಡಿದು ಬರುತ್ತಿದ್ದರು. ಸೀರೆಯುಟ್ಟು ಗೋಡೆಗೆ ಒರಗಿ ನಿಂತ ನನಗೆ ಜಂಬ ಒಳಗೊಳಗೇ ಉಕ್ಕುತ್ತಿತ್ತು.

ಎಪ್ಪತ್ತೆರಡರ ಚಳಿಗಾಲದಲ್ಲಿ ನಾನು ಕರೆದರೆ ಓಗೊಡುವುದು ಕಡಿಮೆಯಾಯಿತು. ಗಂಡಸರ ಮಾಮೂಲಿ ಕಿವುಡು ಅಂದುಕೊಂಡೆ. ಆಮೇಲೆ ಫೋನು ಬಡಿದುಕೊಳ್ಳುತ್ತಿದ್ದರೂ ಪಕ್ಕದಲ್ಲೇ ಅಲುಗಾಡದೆ ಕೂತಿರುವುದನ್ನು ಕಂಡು ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಮೆಟುಚೆನ್ನಿನಲ್ಲಿ ನಮಗೆ ಗುರುತಿನ ಡಾಕ್ಟರು ಸೂರ್ಯನಾರಾಯಣ, ಬೆಂಗಳೂರಿನವರು, ಕಿವಿ ಮೂಗು ಗಂಟಲಿನವರು. ನೋಡಿದರು, ಮತ್ತೊಮ್ಮೆ ನೋಡಿದರು.

‘ನರಾನೇ ಸಾಯ್ತಾ ಇದೆ ಕಣಯ್ಯಾ. ಹಗಲೆಲ್ಲ ಆ ಪ್ರೆಸ್ ಶಾಪು, ವೀಕೆಂಡು ಕಿವಿ ಪಕ್ಕದಲ್ಲೇ ಟ್ರಂಪೆಟ್ಟು. ಹಿಯರಿಂಗ್ ಏಡ್ ಹಾಕಿದ್ರೂ ಹೆಲ್ಪ್ ಆಗಲ್ಲ. ಎರಡನ್ನೂ ಬಿಟ್ಟುಬಿಡು, ಉಳಿದಿರೋದನ್ನಾದ್ರೂ ಉಳಿಸ್ಕೋ.’

‘ಬಿಟ್ರ ವಾಪಸ್ ಬರ್ತೈತೇನ್ರೀ?’

‘ಬರಲ್ಲ.’

‘ಹಂಗಾರ ಯಾಕ ಬಿಡ್ಲಿ?’

ಪ್ರೆಸ್ ಶಾಪ್ ಬಿಡಿಸಿದೆ. ಜಗಳವಾಡಿ, ಅನ್ನ ನೀರು ಬಿಟ್ಟು, ಡ್ರಾಯಿಂಗ್ ಆಫೀಸಿಗೆ ಬದಲಿ ಮಾಡಿಸಿಕೊಳ್ಳುವಂತೆ ಮಾಡಿದೆ. ಪಿಯಾನೋ ಬಿಡಿಸಲು ಮಾತ್ರ ಆಗಲಿಲ್ಲ. ಒಂದು ದಿನ ಕಾರಿನಲ್ಲಿ ಕೂತು ಅವರೇ ಹೇಳಿದರು: ‘ನಮ್ಮಪ್ಪ ಜನ್ಮಾಪೂರ್ತಿ ಪೇಟಿ ನುಡಿಸಿದ್ರು ಸುಂದರಿ. ಈಗ ಎಲ್ಲೈತಿ ಅದು? ಗಾಳಿಗೆ ಹೋತು. ಒಂದ್ ಸೆಕೆಂಡಿಂದೂ ಉಳೀಲಿಲ್ಲ. ಕಿವಿ ಹೋಗೂದ್ರಾಗ ನಂದೊಂದು ರೆಕಾರ್ಡ್ ಆಗಬೇಕು. ಒಂದ ಒಂದು. ಆಮ್ಯಾಗ ನೀ ಹೇಳಿದ್ಹಂಗ.’

ಅಷ್ಟೇ ಅವರು ಬೇಡಿದ್ದು. ಬೇಡ ಅನ್ನುವ ಬಾಯಿ ನನಗಿರಲಿಲ್ಲ.

ಟೋನಿಯ ಬ್ಯಾಂಡಿನ ರೆಕಾರ್ಡಿನ ಮಾತು ಆಗಲೇ ನಡೆದಿತ್ತು. ಇವತ್ತು, ನಾಳೆ ಎಂದು ಕಂಪನಿಯವರು ದಿನ ತಳ್ಳುತ್ತಿದ್ದರು. ಅಲ್ಲಿಯವರೆಗೆ ಬ್ಯಾಂಡಿನಲ್ಲಿ ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ಪಿಯಾನೋದ ಜಾಗ ಹೋಯಿತು. ಇಲ್ಲಿ ನೋಡಿ, ಅವರ ಹಳೆಯ ಅಭ್ಯಾಸ ಕೈಹಿಡಿಯಿತು. ವಾದ್ಯದ ಮುಂದೆ ಚಪ್ಪಲಿ ಹಾಕಿಕೊಂಡು ಕೂರಬಾರದು ಎಂದು ಅವರಪ್ಪ ಕಲಿಸಿದ್ದರಲ್ಲ, ಇವರು ಮೊದಲಿನಿಂದಲೂ ಬೂಟು ಬಿಚ್ಚಿಯೇ ನುಡಿಸುತ್ತಿದ್ದರು. ಹಿಂದೂಗಳಿಗೆ ಪಿಯಾನೋನೂ ದೇವರು ಎಂದು ಟ್ರಂಪೆಟ್ಟಿನವರು ನಗುತ್ತಿದ್ದರು. ಈಗ ಆ ಬರಿಗಾಲೇ ಕಿವಿಯಾಯಿತು. ಮರದ ವೇದಿಕೆಯ ಹಲಗೆಯಿಂದ ಕ್ಲಾವೆ ಅಂಗಾಲಿಗೆ ಬರುತ್ತಿತ್ತು. ಅದನ್ನು ಹಿಡಿದು ನುಡಿಸುತ್ತಿದ್ದರು, ಟೋನಿಯ ಕೈಯ ಮೇಲಿನ ಕಣ್ಣು ತೆಗೆಯದೆ.

ಹೀಗೆ ಒಂದು ವರ್ಷದ ಮೇಲೆ ಕಳೆಯಿತು. ಒಂದು ಭಾನುವಾರ ನಾನು ವೇದಿಕೆಯ ಹತ್ತಿರ ನಿಂತಿದ್ದೆ. ಬೇಸ್ ಬಾರಿಸುವವನು ಎಡಗಾಲಿನಿಂದ ಆ ಐದು ಪೆಟ್ಟನ್ನು ಹಲಗೆಗೆ ಒದೆಯುತ್ತಿದ್ದ. ಟ್ರಂಪೆಟ್ಟಿನವರಿಬ್ಬರೂ ಒದೆಯುತ್ತಿದ್ದರು. ಎಲ್ಲರ ಕಾಲಿನಲ್ಲೂ ಗಟ್ಟಿ ಹಿಮ್ಮಡಿಯ ಹೊಸ ಬೂಟು. ನನಗೆ ಹೊಳೆಯಿತು, ಇದೆಲ್ಲ ಇವರ ಅಂಗಾಲಿಗಾಗಿ. ಬಿಡುವಿನಲ್ಲಿ ಟೋನಿಯನ್ನು ಮೂಲೆಗೆ ಕರೆದೆ.

‘ನಿನಗೆ ಗೊತ್ತಾ?’

‘ಯಾವಾಗಿನಿಂದಲೋ ಗೊತ್ತು. ಅವನಿಗೆ ಹೇಳಬೇಡ. ನಮ್ಮೊಳಗೊಬ್ಬ ಅವನು. ಹಲಗೆ ಇರುವವರೆಗೆ ನಾವು ಒದೆಯುತ್ತೇವೆ.’

ಆ ದೈತ್ಯನ ಕೈ ಹಿಡಿದು ಅಲ್ಲೇ ಅತ್ತುಬಿಟ್ಟೆ. ಯಾರೇನಂದುಕೊಂಡರೋ.

ಎಪ್ಪತ್ತೈದರ ವಸಂತದಲ್ಲಿ ಕೊನೆಗೂ ರೆಕಾರ್ಡಿಂಗ್ ದಿನ ಬಂತು. ಅಷ್ಟರಲ್ಲಿ ಅವರಿಗೆ ನನ್ನ ಮಾತು ತುಟಿ ನೋಡಿದರೆ ಮಾತ್ರ ತಿಳಿಯುತ್ತಿತ್ತು. ಶನಿವಾರ ಬೆಳಿಗ್ಗೆ ನಾನೇ ಡ್ರೈವ್ ಮಾಡಿಕೊಂಡು ಮ್ಯಾನ್‌ಹಟನ್ನಿಗೆ ಕರೆದುಕೊಂಡು ಹೋದೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಗೆ ವಿಭೂತಿ. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆ ಬೆರಳಾಡಿಸುತ್ತಿದ್ದರು. ಮೂರನೆಯ ಹಾಡಿನಲ್ಲಿ ಅವರೊಬ್ಬರೇ ನುಡಿಸುವ ಜಾಗ ಒಂದಿತ್ತು, ಅದನ್ನು ತಿಂಗಳುಗಟ್ಟಲೆ ತಿದ್ದಿ ತೀಡಿ ಇಟ್ಟುಕೊಂಡಿದ್ದರು.

ಸ್ಟುಡಿಯೋದ ಬಾಗಿಲು ದಾಟಿದ್ದೇ ನಾನು ನೆಲ ನೋಡಿದೆ. ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು, ಕಾಲು ಹುದುಗುವಷ್ಟು ದಪ್ಪ. ಪಿಯಾನೋಗೆ ಬೇರೆಯದೇ ಕೋಣೆ, ಟೋನಿಗೆ ಬೇರೆ, ಟ್ರಂಪೆಟ್ಟಿಗೆ ಬೇರೆ. ಒಬ್ಬರ ಸದ್ದು ಇನ್ನೊಬ್ಬರ ಮೈಕಿಗೆ ಹೋಗಬಾರದಂತೆ. ತಲೆಗೆ ಹೆಡ್‌ಫೋನು ಹಾಕಿ, ಅದರಲ್ಲೇ ಕೇಳಿಸಿಕೊಳ್ಳಿ ಅಂದರು. ಕೇಳುವ ಕಿವಿ ಎಲ್ಲಿಂದ ತರೋಣ?

ಅವರು ಬೂಟು ಬಿಚ್ಚಿದರು. ಕಾಲು ಊರಿದರು. ಗಾಜಿನೊಳಗಿಂದ ನನ್ನನ್ನು ನೋಡಿದರು. 

ಕಾರ್ಪೆಟ್ ಸುತ್ತಿ ತೆಗೆಯಿರಿ ಎಂದು ಸ್ಟುಡಿಯೋದವನಿಗೆ ಹೇಳಿದೆ. ‘ಅಂಟಿಸಿದ್ದೇವೆ ಮೇಡಂ, ಕೆಳಗೆ ಕಾಂಕ್ರೀಟು,’ ಅಂದ. ಹಾಡು ಶುರುವಾಯಿತು. ಸ್ವಲ್ಪ ದೂರ ಬೆರಳು ರೂಢಿಯ ಮೇಲೆ ಹೋಯಿತು. ಆಮೇಲೆ ಹಿಡಿದುಕೊಳ್ಳಲು ಏನೂ ಇಲ್ಲದಾಗ ಆ ಕೈ ಎಲ್ಲಿಗೆ ಹೋಗುತ್ತದೆ ಹೇಳಿ? ಅಪ್ಪ ಕಲಿಸಿದಲ್ಲಿಗೆ ಹೋಯಿತು. ಸಮಕ್ಕೆ ಬಂದು ಗಟ್ಟಿಯಾಗಿ ಕೂತಿತು. ನಿಲ್ಲಿಸಿದರು. ಮತ್ತೆ ಶುರು, ಮತ್ತೆ ಅಲ್ಲೇ. ಪ್ರತಿ ಸಲ ಅವರು ತಲೆಯೆತ್ತಿ ಸರಿಯಾಯಿತೇ ಎಂಬಂತೆ ಎಲ್ಲರ ಮುಖ ನೋಡುವರು. ಮಧ್ಯಾಹ್ನ ದಾಟಿದ ಮೇಲೆ ಟೋನಿ ಒಳಗೆ ಹೋಗಿ, ಅವರ ಭುಜ ಹಿಡಿದು, ‘ಬಂತು ನಾಗಾ, ಬಂತು! ಮುಗಿಯಿತು!’ ಎಂದು ತುಟಿ ಬಿಡಿಸಿ ಹೇಳಿದನಂತೆ. ಆ ಕೊನೆಯ ಸಲದ್ದು ನುಡಿಸುವಾಗ ನಾನು ಇರಲಿಲ್ಲ, ಅಳು ತಡೆಯದೆ ಬಾತ್‌ರೂಮಿನಲ್ಲಿದ್ದೆ. ಹೊರಬಂದಾಗ ಇಬ್ಬರೂ ತಬ್ಬಿಕೊಂಡಿದ್ದರು. ದೇವರು ದೊಡ್ಡವನು ಅಂದುಕೊಂಡೆ.

ಅವರ ಸಂತೋಷವನ್ನು ಏನು ಹೇಳಲಿ! ಮನೆಗೆ ಬರುವ ದಾರಿಯಲ್ಲಿ, ನದಿಯಡಿಯ ಟನೆಲ್ಲಿನುದ್ದಕ್ಕೂ ಮಾತು. ‘ಆತಲ್ಲ ಸುಂದರಿ, ಆತಲ್ಲ! ಇನ್ನ ಕಿವಿ ಹೋದ್ರ ಹೋಗ್ಲಿ ಬಿಡು!’ ಕೊಟ್ಟ ಮಾತಿನಂತೆ ಬ್ಯಾಂಡು ಬಿಟ್ಟರು. ಬೇಸಿಗೆಯಲ್ಲಿ ಕಿವಿ ಪೂರ್ತಿ ಹೋಯಿತು. ಮನೆಯೊಳಗೆ ಮನುಷ್ಯ ಇದ್ದೂ ಇಲ್ಲದ ಹಾಗೆ. ಆಫೀಸಿನಿಂದ ಬಂದರೆ, ರೆಕಾರ್ಡು ಬಂತೇ ಎಂದು ದಿನಾ ಟಪಾಲಿನ ಡಬ್ಬ ತೆಗೆದು ನೋಡುವುದೊಂದೇ ಕೆಲಸ.

ರೆಕಾರ್ಡನ್ನು ಟೋನಿಯೇ ತಂದ, ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ. ಒಳಗೆ ಬಾ, ದೋಸೆ ಹಾಕ್ತೀನಿ ಅಂದರೆ ಅವಸರ ಎಂದು ಮೆಟ್ಟಿಲಿನಿಂದಲೇ ಹೊರಟುಹೋದ. ಅಂಥಾ ಹೊಟ್ಟೆಬಾಕ ದೋಸೆ ಬಿಟ್ಟು ಹೋಗಿದ್ದು ಅದೇ ಮೊದಲು. ಕವರಿನ ಹಿಂದೆ ಅಚ್ಚಾಗಿತ್ತು: ಪಿಯಾನೋ, ನಾಗಾ ಲಿಂಗಪ್ಪ. ಅವರು ಆ ಸಾಲಿನ ಮೇಲೆ ಬೆರಳಾಡಿಸಿ, ಸೂರ್ಯನಾರಾಯಣರಿಗೂ ಇನ್ನೆರಡು ಕನ್ನಡದ ಮನೆಗಳಿಗೂ ನನ್ನಿಂದ ಫೋನು ಮಾಡಿಸಿದರು. ಎಲ್ಲರೂ ಊಟಕ್ಕೆ ಬಂದರು. ಬಿಸಿಬೇಳೆ ಭಾತು ಒಲೆಯ ಮೇಲಿತ್ತು. ಊಟ ಆಮೇಲೆ, ಮೊದಲು ಇದು ಎಂದು ಎಲ್ಲರನ್ನೂ ಕೂರಿಸಿದರು.

ಮನೆಯಲ್ಲಿದ್ದ ಹಳೆಯ ಪಿಯಾನೋದ ಪಕ್ಕಕ್ಕೆ ಸ್ಪೀಕರ್ ಪೆಟ್ಟಿಗೆ ಎಳೆದುಕೊಂಡು, ಎಡ ಅಂಗೈಯನ್ನು ಅದಕ್ಕೆ ಒತ್ತಿ, ಬಲಗೈ ಪಿಯಾನೋದ ಕೀಗಳ ಮೇಲಿಟ್ಟು ಕೂತರು. ಎರಡು ಹಾಡಿನ ಕಂಪನವನ್ನು ಅಂಗೈಯಲ್ಲೇ ಕೇಳುತ್ತ ತಲೆದೂಗಿದರು. ಮೂರನೆಯ ಹಾಡಿನಲ್ಲಿ ಅವರ ಜಾಗ ಬಂತು. ಜೊತೆಜೊತೆಗೇ ನುಡಿಸಲು ಶುರು ಮಾಡಿದರು. ಬಂದವರೆಲ್ಲ ‘ಭಲೇ!’ ಅಂದರು.

ನನಗೆ ಮೊದಲ ಸಾಲಿಗೇ ಗೊತ್ತಾಯಿತು. ಅವರು ಒಂದು ಸ್ವರದಿಂದ ಇನ್ನೊಂದಕ್ಕೆ ಪೇಟಿಯಲ್ಲಿ ಜಾರಿಸಿದಂತೆ ಜಾರುತ್ತಿದ್ದರು, ರೆಕಾರ್ಡಿನ ಕೈ ಜಾರುತ್ತಿರಲಿಲ್ಲ. ಚುರುಕಾದ, ಎಳೆಯ, ಬೇರೆ ಯಾರದೋ ಕೈ. ಅವರ ಬೆರಳು ಒಂದು ದಾರಿ, ಪೆಟ್ಟಿಗೆಯದು ಇನ್ನೊಂದು ದಾರಿ. ಸ್ವಲ್ಪ ಹೊತ್ತು ಹಾಗೇ ನಡೆಯಿತು. ಆಮೇಲೆ ಅವರ ಬಲಗೈ ನಿಂತಿತು. ಎರಡೂ ಅಂಗೈಗಳನ್ನು ಪೆಟ್ಟಿಗೆಗೆ ಒತ್ತಿ, ಕಣ್ಣು ಮುಚ್ಚಿಕೊಂಡರು.

‘ಯಾರು ನುಡಿಸ್ಯಾರ, ಸುಂದರಿ?’

ನನಗೊಬ್ಬಳಿಗೇ ಕೇಳುವಂತೆ ಕೇಳಿದೆ ಎಂದುಕೊಂಡಿದ್ದರು. ತಮ್ಮ ದನಿಯ ಅಳತೆ ಅವರಿಗೆ ಸಿಗುತ್ತಿರಲಿಲ್ಲ. ಇಡೀ ಮನೆಗೆ ಕೇಳುವಷ್ಟು ಜೋರಾಗಿ ಬಂತು. ಸೂರ್ಯನಾರಾಯಣರು ತಲೆ ತಗ್ಗಿಸಿದರು.

‘ಗೊತ್ತಿಲ್ಲ ರೀ,’ ಅಂದೆ. ಟೋನಿ ಎದುರಿಗಿದ್ದಿದ್ದರೆ ಕತ್ತು ಹಿಸುಕುತ್ತಿದ್ದೆ. ನಾವು ಹೊರಟ ಮೇಲೆ ಬೇರೆ ಯಾರಿಂದಲೋ ಆ ಜಾಗ ತುಂಬಿಸಿದ್ದ, ಆದರೆ ಅವನಾದರೂ ಇನ್ನೇನು ಮಾಡಬಹುದಿತ್ತು?

ಅವರು ಕಣ್ಣು ತೆರೆದು ನನ್ನ ತುಟಿಯನ್ನೇ ನೋಡಿದರು. ‘ಛಲೋ ನುಡಿಸ್ಯಾನೇನು?’

ಕೆಟ್ಟದಾಗಿದೆ, ಅಪಸ್ವರ, ಆ ರೆಕಾರ್ಡನ್ನು ಒಡೆದು ಒಲೆಗೆ ಹಾಕಿ ಎಂದು ಹೇಳಬೇಕೆಂದು ಬಾಯಿ ತೆರೆದೆ. ಆ ಮುಖದ ಮುಂದೆ ಸುಳ್ಳು ಹೊರಡಲಿಲ್ಲ.

‘ಚೆನ್ನಾಗಿ ನುಡಿಸಿದಾನೆ,’ ಅಂದೆ.

ಅವರು ತಲೆಯಾಡಿಸಿದರು. ಬಂದವರ ಕಡೆ ತಿರುಗಿ, ‘ಹಂಗಾರ ಪೂರ್ತಿ ಕೇಳ್ರಿ,’ ಅಂದರು. ಯಾರೂ ಏಳಲಿಲ್ಲ. ರೆಕಾರ್ಡಿನ ಎರಡೂ ಮಗ್ಗುಲು ಮುಗಿಯುವವರೆಗೆ ಆ ಪೆಟ್ಟಿಗೆಯ ಮೇಲಿನ ಕೈಗಳನ್ನು ಅವರು ತೆಗೆಯಲಿಲ್ಲ.