ಹಾನುಬಾಳಿನ ಗಡಿಯಾರ

ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ. ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಆಮೇಲೆ ನನಗೆ ಹಾನುಬಾಳಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಸಿಕ್ಕಿತು, ಅವನಿಗೆ ಸಕಲೇಶಪುರದಲ್ಲಿ.

ನಮ್ಮ ಕರೆಂಟ್ ಸಬ್‌ಸ್ಟೇಷನ್ನಿನ ಹಳೆಯ ಫೋನ್ ಲೈನಿನ ಮಾತು ಆಗಷ್ಟೇ ಸಕಲೇಶಪುರಕ್ಕೆ ಫೈಬರಿನಲ್ಲಿ ಪ್ಯಾಕೆಟ್‌ಗಳೆಂಬ ಚೂರುಗಳಾಗಿ ಹೋಗತೊಡಗಿತ್ತು. ಪ್ಯಾಕೆಟ್‌ಗಳು ಒಂದು ಬೇಗ ತಲುಪಿದರೆ ಇನ್ನೊಂದು ತಡ. ಸಕಲೇಶಪುರದ ಯಂತ್ರ ಅವನ್ನು ಸ್ವಲ್ಪ ಕೂಡಿಟ್ಟುಕೊಂಡು, ನಮ್ಮ ಎಕ್ಸ್‌ಚೇಂಜಿನ ಯಂತ್ರದೊಳಗಿನ ಗಡಿಯಾರದ ವೇಗದಲ್ಲೇ ಹೊರಗೆ ಬಿಡಬೇಕು. ತನ್ನ ವೇಗದಲ್ಲಿ ಬಿಟ್ಟರೆ ಕೂಡಿಟ್ಟದ್ದು ಒಂದೋ ಉಕ್ಕುತ್ತದೆ, ಇಲ್ಲವೇ ಬರಿದಾಗುತ್ತದೆ. ಆಗ ‘ಟಕ್’ ಎಂದು ಮಾತು ಹಾರಿಹೋಗುತ್ತದೆ.

ಅವನು ಬೇಕೆಂದೇ ಆ ಯಂತ್ರಕ್ಕೆ ತನ್ನ ಕಡೆಯ ಗಡಿಯಾರವನ್ನೇ ಇಟ್ಟಿದ್ದ. “ತಾಲ್ಲೂಕಿನ ಎಕ್ಸ್‌ಚೇಂಜು ಹಾನುಬಾಳು ಟೈಮ್ ನೋಡ್ಕಂಡು ನಡೀಬೇಕೇನೋ ಮಾರಾಯ?” ಎಂದು ಫೋನಿನಲ್ಲಿ ನಕ್ಕ. ನಮ್ಮಿಬ್ಬರ ಮೇಲಿನ ಸಾಹೇಬರು ವಿಚಾರಿಸಿದಾಗ ಮಾತ್ರ, “ಅವನು ಕೇಬಲ್ಲಿಗೆ ಹಾಕಿರೋ ಜಾಯಿಂಟ್ ಸರಿ ಇಲ್ಲ ಸಾರ್” ಅಂದುಬಿಟ್ಟ.

ಕೇಬಲ್ ಹೋಗಿದ್ದು ಒಂದು ಎಸ್ಟೇಟಿನೊಳಗೆ. ಅಗೆದೆ. ಕಾಫಿ ಗಿಡಗಳ ಬೇರು ಕಡಿದುಹೋಯಿತು. ಮಾಲೀಕರು ಆಳುಗಳೆದುರೇ, “ಕೆಲ್ಸ ಬರ್ದಿದ್ರೆ ಮನೇಲಿರು ಕಣೋ” ಎಂದರು. ಜಾಯಿಂಟ್ ಹೊಸದಾಗಿ ಹಾಕಿದರೂ ಟಕ್ ನಿಲ್ಲಲಿಲ್ಲ. ಕೆಲಸ ಬಾರದವನು ಎಂಬ ಹೆಸರು ಸಂತೆಯವರೆಗೂ ಹೋಯಿತು. ಸಾಹೇಬರು ಅವನೆದುರೇ ಸಿಗಲೆಂದು ಕಾದೆ.

ಸಾಹೇಬರು ಸಕಲೇಶಪುರಕ್ಕೆ ಬಂದ ದಿನ ನಾನೂ ಹೋದೆ. “ಈ ಯಂತ್ರ ಗಡಿಯಾರ ನಮ್ಮ ಕಡೆಯಿಂದ ತಗೊಳ್ಳೋ ಹಾಗೆ ಇವನ ಕೈಯಲ್ಲೇ ಹಾಕ್ಸಿ ಸಾರ್” ಅಂದೆ. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಹಾಕಿದ. ಟಕ್ ನಿಂತಿತು. ರಿಸೀವರನ್ನು ಅವನ ಕಿವಿಗೆ ಒತ್ತಿ, “ಕೇಳು” ಅಂದೆ. ಸಾಹೇಬರ ಕಾಫಿ ಮುಗಿಯುವವರೆಗೂ ಕೆಳಗಿಡಲು ಬಿಡಲಿಲ್ಲ. ಎಂಥ ಖುಷಿ ಅದು!

ಅಷ್ಟಕ್ಕೆ ಬಿಡುವವನಲ್ಲ ನಾನು. ಅವನನ್ನು ಎಸ್ಟೇಟಿಗೆ ಕರೆದೊಯ್ದು ಅದೇ ಆಳುಗಳೆದುರು ನಿಲ್ಲಿಸಿದೆ. “ತಪ್ಪು ನಂದು ಕಣ್ರೀ, ಇವನ ಜಾಯಿಂಟ್ ಸರಿಯಾಗೇ ಇತ್ತು” ಎಂದು ತಲೆ ತಗ್ಗಿಸಿ ಹೇಳಿದ.

ಮಾಲೀಕರು ನಕ್ಕರು. “ಹೋಗ್ಲಿ ಬುಡಿ, ಆಗಿದ್ದು ಆಗೋಯ್ತು” ಎಂದು ಅವನಿಗೆ ಜಗಲಿಯಲ್ಲಿ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ನಾನು ಅಂಗಳದಲ್ಲೇ ನಿಂತಿದ್ದೆ. ನನಗೊಂದು ಮಾತು ಹೇಳಬೇಕೆಂದು ಅವರಿಗೆ ಅನ್ನಿಸಲೇ ಇಲ್ಲ.

ಅವನ ಯಂತ್ರ ಈಗಲೂ ನನ್ನ ಗಡಿಯಾರದ ಹಿಂದೆಯೇ ನಡೆಯುತ್ತಿದೆ. ನಿನ್ನೆ ಆ ಮಾಲೀಕರ ಮನೆಯ ಫೋನು ಸತ್ತಿದೆಯೆಂದು ದೂರು ಬಂತು.

ಹೋಗುತ್ತೇನೆ. ಆತುರವೇನಿಲ್ಲ.