ಸೊನೆ ಬಿದ್ದ ಕಣ್ಣು

ಮಗಳಿಗೆ ಆಗ ಎಂಟು ತಿಂಗಳು. ಕೋಲಾರದ ಮನೆಯಲ್ಲಿ ಅತ್ತೆಯ ತೊಡೆಯ ಮೇಲೆ ಕೂತಿದ್ದವಳ ಫೋಟೊ ತೆಗೆದೆ. ಫ್ಲ್ಯಾಶಿಗೆ ಒಂದು ಕಣ್ಣು ಕೆಂಪಗೆ, ಇನ್ನೊಂದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯಿತು.

“ಫೋನ್ ಹಳೇದು ಕಣೇ,” ಎಂದರು ನನ್ನವರು. ಅವರ ಫೋನಿನಲ್ಲೂ ತೆಗೆದೆ. ಅದೇ ಕಣ್ಣು, ಅದೇ ಬಿಳುಪು.

ಅತ್ತೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟರು. “ದಿಷ್ಟಿ ಕಣಮ್ಮ. ನೋಡು, ಒಂಚೂರೂ ಘಾಟು ಬರ್ಲಿಲ್ಲ! ಕಾನ್ವೆಂಟಲ್ಲಿ ಓದ್ದೋಳು, ನಿಂಗೆ ಎಲ್ಲದ್ರಲ್ಲೂ ಅನುಮಾನ.”

ಘಾಟು ಬರಲಿಲ್ಲ, ನಿಜ. ಅಡುಗೆಮನೆಯ ಫ್ಯಾನು ಹೊಗೆಯನ್ನೆಲ್ಲ ಹೊರಕ್ಕೆ ಎಳೆಯುತ್ತಿತ್ತು.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿಗಿಂತ ಮೊದಲು ನನ್ನವರ ಗಾಜಿನ ಎಡಗಣ್ಣನ್ನು ನೋಡಿದರು. “ಇದು ಯಾವಾಗ ಹೋಯ್ತು?”

“ಆರು ವರ್ಷಕ್ಕೆ ಮೇಡಂ. ಗೌನಿಪಲ್ಲಿ ತೋಟದಲ್ಲಿ ಕಾಯಿ ಕೀಳೋವಾಗ ಸೊನೆ ಬಿತ್ತು,” ಎಂದು ಅತ್ತೆಯೇ ಉತ್ತರಿಸಿದರು.

ಮಾವಿನಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಆ ಹಾಲು ಮೈ ಸುಡುವುದನ್ನು ನಮ್ಮ ಕಡೆ ಎಲ್ಲರೂ ಕಂಡವರೇ. ಮದುವೆಗೆ ಮುಂಚೆ ಈ ಮಾತು ಕೇಳಿದಾಗ ನಾನೂ ಮರುಮಾತಾಡಿರಲಿಲ್ಲ. ಆ ದಿನ ಮಾತ್ರ ಅತ್ತೆಯ ಬೆರಳು ಸೆರಗಿನ ತುದಿಯನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು.

ಮಗುವಿನ ಕಣ್ಣೊಳಗೆ ಗಡ್ಡೆಯಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದರು: “ಪ್ರತಿ ಜೀನೂ ಎರಡೆರಡು ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಗಡ್ಡೆ ತಡೆಯೋ ಜೀನು ಒಂದು ಹುಟ್ತಾನೇ ಕೆಟ್ಟಿದ್ರೂ ಇನ್ನೊಂದು ಕಾಯುತ್ತೆ. ಯಾವುದೋ ಜೀವಕೋಶದಲ್ಲಿ ಆ ಒಳ್ಳೇದೂ ಕಳೆದುಹೋದ್ರೆ ಗಡ್ಡೆ ಶುರು. ಕೆಟ್ಟಿದ್ದು ತಂದೆಯಿಂದ ಬಂದಿದ್ರೆ ಇನ್ನೊಂದು ಕಣ್ಣಿಗೂ ಅಪಾಯ. ಇವರ ಕಣ್ಣು ಹೋಗಿದ್ದು ಹೇಗೆ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ.”

ಅತ್ತೆ ಎದ್ದು ಮಗುವಿನ ಬಟ್ಟೆಯ ಚೀಲ ಕಟ್ಟತೊಡಗಿದರು.

ಮನೆಗೆ ಬಂದವಳೇ ಹಳೆಯ ಟ್ರಂಕು ತೆಗೆದೆ. ನನ್ನವರ ಕಿವಿ ಚುಚ್ಚಿಸಿದ ದಿನದ ಫೋಟೊ ಸಿಕ್ಕಿತು. ಸೋದರಮಾವನ ತೊಡೆಯ ಮೇಲೆ ಬಾಯಿ ತೆರೆದು ಅಳುವ ಕೂಸು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಎಡಗಣ್ಣಿಗೆ ಹತ್ತಿಯ ಪಟ್ಟಿ.

ಅವರೆಕಾಳು ಹಿಸುಕುತ್ತಿದ್ದ ಅತ್ತೆಯ ಮುಂದೆ ಅದನ್ನಿಟ್ಟೆ. “ಅತ್ತೆ, ಆರು ವರ್ಷದ ಹುಡುಗನಿಗೆ ಹಲ್ಲೇ ಇಲ್ವಲ್ಲ?”

ಕಾಳು ಹಿಸುಕುವ ಕೈ ನಿಂತಿತು. “ಗಡ್ಡೆ ಅಂತ ಕಣ್ಣೇ ತೆಗೆದ್ರು ಕಣಮ್ಮ. ಹಂಗಂತ ಹೇಳಿದ್ರೆ ನೀನೇ ಬರ್ತಿದ್ಯಾ ಈ ಮನೆಗೆ?”

ನನ್ನವರು ಬಾಗಿಲಲ್ಲೇ ನಿಂತಿದ್ದರು. “ಅಮ್ಮಾ, ಇವತ್ತಿನವರೆಗೂ ನಾನು ಮಾವಿನ ಮರದ ಕೆಳಗೆ ತಲೆ ಎತ್ತಿ ನೋಡಿಲ್ಲ.”

ಮರುದಿನ ಅತ್ತೆಯೇ ಮುಂದಾಗಿ ಹೊರಟು ಡಾಕ್ಟರಮ್ಮನಿಗೆ ಎಲ್ಲ ಹೇಳಿದರು. ಕೆಟ್ಟ ಜೀನು ತಂದೆಯಿಂದಲೇ ಬಂದದ್ದೆಂದು ರಕ್ತಪರೀಕ್ಷೆಯೂ ಹೇಳಿತು. ಮಗಳಿಗೆ ಚಿಕಿತ್ಸೆ ನಡೆಯುತ್ತಿರುವಾಗಲೇ, ಒಂದು ತಪಾಸಣೆಯಲ್ಲಿ ಇನ್ನೊಂದು ಕಣ್ಣಿನಲ್ಲೂ ಸಾಸಿವೆ ಕಾಳಿನಷ್ಟು ಚುಕ್ಕೆ ಸಿಕ್ಕಿತು. ಹುಡುಕಿದ್ದರಿಂದ ಸಿಕ್ಕಿತು, ಲೇಸರಿನಲ್ಲಿ ಸುಟ್ಟರು.

ತಪಾಸಣೆ ಇನ್ನೂ ಮುಗಿದಿಲ್ಲ. ನಡುವೆ ಮನೆಯಲ್ಲೂ ನಾನು ಫ್ಲ್ಯಾಶ್ ಹಾಕಿ ಫೋಟೊ ತೆಗೆಯುತ್ತೇನೆ. ಮೊಮ್ಮಗಳ ಗಲ್ಲ ಹಿಡಿದು ಕೂರುವವರು ಅತ್ತೆಯೇ.

“ಇನ್ನೊಂದು ತೆಗಿಯಮ್ಮ,” ಎನ್ನುತ್ತಾರೆ. “ಇದ್ರಲ್ಲಿ ನಂಗೆ ಸರಿಯಾಗಿ ಕಾಣ್ಲಿಲ್ಲ.”