ಕೆಟ್ಟ ನೀರು ಕೇಳಿದ ಅಕ್ಕೋರು

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಸದಾ ಕಪ್ಪಾಗಿರುತ್ತಿದ್ದವು. ನೀರಿನಲ್ಲಿ ಉಪ್ಪಿನಂಶ ಎಷ್ಟಿದೆ ಎಂದು ನೋಡಲು ಬಳಸುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಬಿಸಿಲಿಗೆ ಹಾಗೆ ಕಪ್ಪಾಗುತ್ತದೆ, ತೊಳೆದರೂ ಹೋಗುವುದಿಲ್ಲ. ನಮ್ಮ ಚಿಗವ್ವನಿಗೆ ಅದು ಗೊತ್ತಿರಲಿಲ್ಲ. "ಅಕ್ಕೋರ, ಎರಡ ಬೆರಳಿಗೆ ಯಾಕ ಮದರಂಗಿ ಹಚ್ಕೊಂಡೀರಿ? ಉಳಿದವು ಏನು ಪಾಪ ಮಾಡ್ಯಾವ?" ಎಂದು ಕೇಳಿದಳು. ಅವರು ಬೆರಳು ನೋಡಿಕೊಂಡು, "ಮದುವಿ ಅರ್ಧಕ್ಕ ಬಿಟ್ಟು ಓಡಿ ಬಂದೀನಿ ಯವ್ವಾ" ಎಂದರು. ಚಿಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಕೊಪ್ಪಳದ ಕಾಲೇಜಿನಲ್ಲಿ ಅವರು ನನಗೆ ರಸಾಯನಶಾಸ್ತ್ರ ಕಲಿಸಿದವರು. ತವರು ಗಂಗಾವತಿ. ಕಾಲೇಜಿನಲ್ಲಿ ಮೇಡಂ ಆಗಿದ್ದವರು ನಮ್ಮೂರಿಗೆ ಬಂದ ಮೇಲೆ ಅಕ್ಕೋರು ಆದರು. ಕಲಿಸುವ ಹೆಂಗಸನ್ನು ನಮ್ಮ ಕಡೆ ಕರೆಯುವುದೇ ಹಾಗೆ. ರಜೆ ಸಿಕ್ಕರೆ ಊರೂರು ತಿರುಗಿ ಮಣ್ಣು, ನೀರು, ಎಲೆಯ ಮೇಲಿನ ದೂಳು ತಂದು ಪರೀಕ್ಷಿಸುತ್ತಿದ್ದರು. ಒಮ್ಮೆ ಹುಲಿಗಿಯ ಹೊಳೆದಂಡೆಯಲ್ಲಿ, ದೇವಿಯ ಹರಕೆಗೆ ಮಿಂದವರು ಬಿಟ್ಟುಹೋದ ಬಟ್ಟೆಗಳನ್ನು ದಾಟಿಕೊಂಡು ಹೋಗಿ ನೀರು ತುಂಬುತ್ತ ಹೇಳಿದರು: "ಇಲ್ಲಿ ಬಿಟ್ಟಿದ್ದು ಸಮುದ್ರಕ್ಕ ಹೋಗಿ ಮುಟ್ಟತೈತಿ. ನಾವು ಸಮುದ್ರ ನೋಡಿಲ್ಲ, ಆದ್ರ ಸಮುದ್ರ ನಮ್ಮನ್ನ ನೋಡೈತಿ."

ನಮ್ಮೂರಿನ ಮಗ್ಗುಲಲ್ಲಿ ಕಾರ್ಖಾನೆಯ ಚಿಮಣಿಗಳಿವೆ. ಒಡೆದ ಹತ್ತಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಆ ಬೇಸಿಗೆ ಗುಡಿಯ ಮುಂದೆ ಹೊಸ ಬೋರು ಕೊರೆಸಿದ್ದರು. ನೀರು ಸ್ವಲ್ಪ ಉಪ್ಪು. ಶಾಲೆಯ ಬಿಸಿಯೂಟಕ್ಕೆ ಅದನ್ನು ಬಳಸಬಹುದೇ ಎಂದು ಊರಿನವರು ಅಕ್ಕೋರನ್ನೇ ಕೇಳಿದರು. ಕರೆಂಟು ಬರುತ್ತಿದ್ದುದು ನಸುಕಿನಲ್ಲಿ. ಮೋಟರು ಓಡುವಾಗಲೇ ನೀರು ಹಿಡಿಯಬೇಕು. ಆ ಹೊತ್ತಿಗೆ ಕೊಪ್ಪಳದಿಂದ ಬಸ್ಸಿಲ್ಲ. ಹಾಗಾಗಿ ಅವರು ಬಾಟಲಿಯನ್ನು ಬೋರಿನ ಎದುರು ಮನೆಯ ಚಿಗವ್ವನ ಕೈಗೆ ಕೊಟ್ಟು, "ಬೋರಿಂದ ತುಂಬಿಡು" ಎಂದು ಹೇಳಿ ಹೋದರು. ಮರುದಿನ ನಾನೇ ಅದನ್ನು ಕಾಲೇಜಿಗೆ ಒಯ್ದೆ. ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ; ಉಪ್ಪು ಊರವರು ಹೇಳಿದ್ದಕ್ಕಿಂತ ಕಡಿಮೆ ಇದ್ದುದನ್ನು ಅಕ್ಕೋರು ಕೆದಕಲು ಹೋಗಲಿಲ್ಲ. ಅಕ್ಕೋರು ಗುಡಿಯ ಕಟ್ಟೆಯ ಮೇಲೆ ನಿಂತು ಕುಡಿಯಬಹುದು ಎಂದರು. ಶಾಲೆಯ ಅಡುಗೆಗೆ ಆ ನೀರನ್ನೇ ಬಳಸತೊಡಗಿದರು.

ಕೆಲವು ದಿನಗಳ ನಂತರ ಹೊಲದ ಮಣ್ಣಿಗಾಗಿ ಬಂದವರು ದಣಿದು ಚಿಗವ್ವನ ಪಡಸಾಲೆಯಲ್ಲಿ ಕೂತರು. ಅವಳು ತಂಬಿಗೆ ನೀರು ಕೊಟ್ಟಳು. ಅಕ್ಕೋರು ಒಂದು ಗುಟುಕು ಕುಡಿದು ತಡೆದರು.

"ಇದು ಬೋರಿಂದಲ್ಲ ಅಲಾ?"

"ಛೇ ಛೇ, ಆ ಉಪ್ಪುನೀರು ನಿಮಗ ಕೊಡ್ತೀನೇನ್ರಿ? ಇದು ಫಿಲ್ಟರ್ ನೀರು. ಬಂದವರಿಗಂತ ಬಾಜೂ ಊರಿಂದ ಕ್ಯಾನ್ ತರಸಿಟ್ಟಿರ್ತೀನಿ."

"ನನ್ನ ಬಾಟ್ಲಿಗೆ ಯಾವುದು ತುಂಬಿದ್ದಿ ಯವ್ವಾ?"

"ಅದಕ್ಕೂ ಇದನ್ನ. ಬಾಟ್ಲಿ ಬಿಸಿನೀರಾಗ ತೊಳದು, ಅರಿವ್ಯಾಗ ಸೋಸಿ ತುಂಬೀನ್ರಿ. ನೀವು ಬೋರಿಂದ ಅಂದ್ರಿ ಖರೆ. ಅಂದ್ರಂತ ಕೊಡಾಕ ಬರ್ತೈತೇನು? ಕೊಪ್ಪಳದಾಗ ನಾಕು ಮಂದಿ ನೋಡೂ ನೀರು. ನಮ್ಮೂರ ಮರ್ಯಾದಿ ಏನಾಗ್ತಿತ್ತು?"

ಅಕ್ಕೋರ ಮುಖದ ಬಣ್ಣ ಇಳಿದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಅವರು ಬೈಯಲಿಲ್ಲ. ತಂಬಿಗೆಯಲ್ಲಿದ್ದ ನೀರನ್ನು ಪೂರ್ತಿ ಕುಡಿದು ಅವಳ ಕೈಗೆ ಕೊಟ್ಟರು. ಆಮೇಲೆ ಸರಸರನೆ ಶಾಲೆಗೆ ನಡೆದು ಅಡುಗೆಯವರಿಗೆ ಬೋರಿನ ನೀರು ಮುಟ್ಟಬೇಡಿ ಎಂದರು. ಆ ರಾತ್ರಿ ನಮ್ಮೂರಲ್ಲೇ ಉಳಿದು, ನಸುಕಿನಲ್ಲಿ ಮೋಟರು ಓಡಿದಾಗ ತಾವೇ ಬಾಟಲಿ ಹಿಡಿದರು. ಈ ಸಲ ನೀರಿನಲ್ಲಿ ಸೀಸ ಸಿಕ್ಕಿತು, ಮಕ್ಕಳಿಗೆ ಸಲ್ಲದಷ್ಟು.

ಮತ್ತೆ ಅದೇ ಕಟ್ಟೆ, ಅದೇ ಜನ.

"ನಾ ಮೊದಲು ಹೇಳಿದ್ದು ತಪ್ಪು" ಎಂದರು. "ಈ ನೀರು ಯಾರೂ ಕುಡೀಬ್ಯಾಡ್ರಿ."

ಹಿರಿಯರೊಬ್ಬರು ಎಲೆಯಡಿಕೆ ಉಗುಳಿ ಬಂದು, "ಆವತ್ತು ಛಲೋ ಅಂದ್ರಿ, ಇವತ್ತು ಕೆಟ್ಟ ಅಂತೀರಿ. ನಾಳೆ ಬಂದು ಹಾಲು ಅಂತೀರೇನ್ರೀ?" ಎಂದರು. ಜನ ನಕ್ಕರು.

"ಬಾಟ್ಲಿ ನಾನ ತುಂಬಬೇಕಿತ್ರಿ. ತುಂಬಲಿಲ್ಲ. ತಪ್ಪು ನಂದು."

ಅವರು ಚಿಗವ್ವನ ಹೆಸರು ಎತ್ತಲಿಲ್ಲ. ಹೆಂಗಸರ ನಡುವಿನಿಂದ ಅವಳೇ ಎದ್ದಳು. ಗಂಡಸರು ಕೂತ ಕಟ್ಟೆಯ ಮುಂದೆ ಅವಳು ಎಂದೂ ಮಾತಾಡಿದವಳಲ್ಲ. "ಅಕ್ಕೋರದು ತಪ್ಪಿಲ್ರಿ. ಕ್ಯಾನಿನ ನೀರು ತುಂಬಿದಾಕಿ ನಾನು. ನನ್ನ ಮೊಮ್ಮಗನೂ ಆ ಸಾಲ್ಯಾಗ ಉಣ್ತಾನ" ಎಂದಳು. ಆಮೇಲೆ ಯಾರೂ ನಗಲಿಲ್ಲ.

ಕುಡಿಯಬಾರದೆಂಬ ಗುರುತಿಗೆ ಬೋರಿಗೆ ಕೆಂಪು ಬಣ್ಣ ಬಳಿದರು. ಟ್ಯಾಂಕರ್ ಬಂತು; ತಡವಾಗಿಯಾದರೂ ಹೊಳೆಯ ನೀರಿನ ಪೈಪೂ ಬಂತು. ಆದರೆ ಅಂದು ಕಟ್ಟೆಯ ಬಳಿ ಯುವಕರು ಅಕ್ಕೋರನ್ನು ಸುತ್ತುವರಿದಿದ್ದರು. "ಫ್ಯಾಕ್ಟರಿಯಿಂದ ಬಂದೈತಿ ಅಂತ ಬರದು ಕೊಡ್ರಿ" ಎಂದು ಪಟ್ಟು ಹಿಡಿದರು. "ಅದು ನನಗಿನ್ನೂ ಗೊತ್ತಾಗಿಲ್ಲ. ಹುಡುಕ್ತೀನಿ. ಅಲ್ಲೀತನಕ ಹುಡುಗ್ರು ಕುಡಕೋತ ಕುಂದರಬಾರದು, ಅಷ್ಟ" ಎಂದರು. ಯುವಕರಿಗೆ ಅದು ಹಿಡಿಸಲಿಲ್ಲ. ಹೆದರಿದ್ದಾರೆ ಎಂದರು, ಇನ್ನೂ ಏನೇನೋ ಅಂದರು. ಅಕ್ಕೋರು ಮುಂದಿನ ವಾರವೂ ಬಂದರು, ಅದರ ಮುಂದಿನ ವಾರವೂ. ಹೊಲ, ಹಳ್ಳ, ಮಾಳಿಗೆಯ ದೂಳು, ಒಂದನ್ನೂ ಬಿಡದೆ ವರ್ಷಗಟ್ಟಲೆ ನೋಡಿದರು.

ಹೋದ ವರ್ಷ ಅವರು ತೀರಿಕೊಂಡರು. ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತಂತೆ. ಅವರ ತಮ್ಮನ ಫೋನು ಬಂದಾಗ ನಾನು ನಮ್ಮೂರ ಹಳ್ಳದ ದಂಡೆಯಲ್ಲಿ ಮಣ್ಣು ತೆಗೆಯುತ್ತಿದ್ದೆ. ತೆಗೆದ ಮಣ್ಣನ್ನು ಚೀಲಕ್ಕೆ ತುಂಬಿ, ಅವರು ಕಲಿಸಿದಂತೆ ಜಾಗ, ದಿನ ಬರೆದು ಕಟ್ಟಿದೆ.

ಅವರ ಹುಡುಕಾಟವನ್ನು ಈಗ ನಾನು ಮುಂದುವರಿಸಿದ್ದೇನೆ. ಸೀಸ ಎಲ್ಲಿಂದ ಬಂತೆಂದು ಖಚಿತವಾಗಿ ಹೇಳುವಷ್ಟು ನನಗೂ ಇನ್ನೂ ಸಿಕ್ಕಿಲ್ಲ. ಮೊನ್ನೆ ಚಿಗವ್ವನ ಮೊಮ್ಮಗ ದಾರಿಗೆ ಅಡ್ಡ ನಿಂತು, "ಇನ್ನೂ ಎಷ್ಟು ವರ್ಷ ಹುಡುಕ್ತೀರಿ? ಹೆದರೀರೇನು?" ಎಂದು ಜೋರು ಮಾಡಿದ. ಅಂದು ಆ ಶಾಲೆಯಲ್ಲಿ ಉಣ್ಣುತ್ತಿದ್ದ ಹುಡುಗ ಈಗ ನನಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾನೆ. ಸಿಟ್ಟು ಬರಲಿಲ್ಲ. ಎದುರು ನಿಂತು ಹೀಗೆ ಕೇಳಲು ಅವನಿದ್ದಾನಲ್ಲ ಎಂದುಕೊಂಡೆ.